ಗಂಟೆ ಹೊಡೆಯಲು ಮರೆತ ರೈಟರ್

೨೦೦೪ನೇ ಇಸವಿಯ ಫೆಬ್ರವರಿ. ಕಾಫಿ ಕುಯ್ಲು ಮುಗಿದಿತ್ತು, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ತೋಟದವರಿಗೆ ವರ್ಷದಲ್ಲಿ ಸ್ವಲ್ಪ ಉಸಿರಾಡಲು ಸಿಗುವ ದಿನಗಳು ಅವೇ. ನಾನಾಗ ಹೊಂಗಡಹಳ್ಳದಿಂದ ಬಿಸಿಲೆ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಸ್ವಂತ ಊರು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ. ನಮ್ಮ ಕಡೆಯವರಿಗೆ ರೈಟರ್ ಎಂದರೆ ಯಾರೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಎಲ್ಲಿ ಕೆಲಸ ಮಾಡಬೇಕೆಂದು ತಿಳಿಸಿ, ಸಂಜೆ ಅದನ್ನೆಲ್ಲ ಬರೆದು ಆಫೀಸಿಗೆ ಒಪ್ಪಿಸುವವನು. ಕಥೆ ಬರೆಯುವವನಲ್ಲ. ಈ ಸಣ್ಣ ವಿಷಯವನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ಇದ್ದದ್ದು ನನ್ನ ಮೊದಲನೆಯ ತಪ್ಪು.

ನನಗೊಂದು ಹುಚ್ಚಿತ್ತು. ಸತ್ತವರು ಎದ್ದು ಓಡಾಡುವ ಸಿನಿಮಾ ಎಂದರೆ ಪ್ರಾಣ. ಪಟ್ಟಣದವರು ಅದಕ್ಕೆ ಜೋಂಬಿ ಪಿಕ್ಚರ್ ಎನ್ನುತ್ತಾರೆ. ಆ ಫೆಬ್ರವರಿಗೆ ಮೂರು ವರ್ಷ ಹಿಂದೆ ಅಂಥ ಒಂದು ಕನ್ನಡ ಚಿತ್ರ ಸಕಲೇಶಪುರಕ್ಕೆ ಬಂದಿತ್ತು. ಅದರ ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ಗೊತ್ತಿರುವುದಿಲ್ಲ. ನಮ್ಮ ಕಡೆ ‘ಎದ್ದ ಹೆಣ’ ಎಂದೇ ಕರೆಯುತ್ತಿದ್ದರು. ಬಹಳ ಕಡಿಮೆ ಖರ್ಚಿನಲ್ಲಿ ತೆಗೆದ ಚಿತ್ರ ಎಂದು ಕುರುಡರಿಗೂ ಗೊತ್ತಾಗುತ್ತಿತ್ತು. ಲೈಟು ಇಲ್ಲದ ಕಾರಣ ಅದರಲ್ಲಿ ಹೆಣಗಳು ಮಟಮಟ ಮಧ್ಯಾಹ್ನ ಏಳುತ್ತಿದ್ದವು. ಆದರೂ ನಾನು ನಾಲ್ಕು ಸಲ ನೋಡಿದೆ. ಅದರಲ್ಲೊಬ್ಬ ಬಸ್ ಕಂಡಕ್ಟರ್ ಸತ್ತು ಎದ್ದ ಮೇಲೂ ಖಾಲಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ನಿಲ್ಲುತ್ತಾನೆ. ಯಾರನ್ನೂ ಕಚ್ಚುವುದಿಲ್ಲ. ಕೊನೆಗೆ ಮೆಟ್ಟಿಲಿನಿಂದ ಜಾರಿ ಬಿದ್ದು ಸುಮ್ಮನಾಗುತ್ತಾನೆ. ಆ ಬೀಳುವುದನ್ನು ನೋಡಲೆಂದೇ ನಾನು ಮತ್ತೆ ಮತ್ತೆ ಹೋಗಿದ್ದೆ. ಉಳಿದವರು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ.

ಅದರ ಎರಡನೆಯ ಭಾಗವನ್ನು ನಮ್ಮ ತೋಟದಲ್ಲೇ ತೆಗೆಯುತ್ತಾರೆ ಎಂದು ಮ್ಯಾನೇಜರು ಹೇಳಿದಾಗ ನನಗೆ ಎರಡು ದಿನ ಊಟ ಸರಿಯಾಗಿ ಸೇರಲಿಲ್ಲ. ಹಳೆಯ ಪಲ್ಪಿಂಗ್ ಮನೆಯೊಂದು ಖಾಲಿ ಬಿದ್ದಿತ್ತು. ಹಣ್ಣು ಕಾಫಿಯ ಸಿಪ್ಪೆ ಸುಲಿಯುವ ಯಂತ್ರವನ್ನು ಅಲ್ಲಿಂದ ಕಿತ್ತು ಬೇರೆ ಕಡೆ ಹಾಕಿ ಆರು ವರ್ಷವಾಗಿತ್ತು. ತಗಡಿನ ಮಾಡು, ಹಸಿರು ಹಿಡಿದ ಗೋಡೆ. ಅದೇ ಅವರಿಗೆ ಬೇಕಾಗಿತ್ತು.

ಏಳೆಂಟು ಜನರ ತಂಡ ಬಂತು. ಡೈರೆಕ್ಟರ್ ಬೆಂಗಳೂರಿನ ಸಣಕಲು ಹುಡುಗ, ಮೂವತ್ತೂ ದಾಟಿರಲಿಲ್ಲ, ಮಾತು ಬಹಳ ಮೃದು. ಮ್ಯಾನೇಜರು ನನ್ನನ್ನು ತೋರಿಸಿ, “ಇವರು ನಮ್ಮ ರೈಟರ್. ಏನು ಬೇಕಾದ್ರೂ ಇವರನ್ನೇ ಕೇಳಿ” ಎಂದು ಹೇಳಿ ಹೊರಟುಹೋದರು. ಡೈರೆಕ್ಟರ್ ನನ್ನ ಎರಡೂ ಕೈ ಹಿಡಿದುಕೊಂಡ.

“ಇಂಥ ಕಾಡಲ್ಲಿ ಒಬ್ಬ ರೈಟರ್ ಸಿಗ್ತಾರೆ ಅಂದ್ಕೊಂಡಿರಲಿಲ್ಲ ಸಾರ್. ಎಷ್ಟು ವರ್ಷದಿಂದ ಬರೀತಿದೀರಿ?”

“ಹತ್ತು ವರ್ಷ ಆಯ್ತು” ಎಂದೆ.

“ಏನು ಬರೀತೀರಿ, ಹೆಚ್ಚಾಗಿ?”

“ಜನಗಳ ವಿಷಯವೇ. ಯಾರು ಬಂದ್ರು, ಯಾರು ಬರಲಿಲ್ಲ, ಏನು ಮಾಡಿದ್ರು.”

“ಎಲ್ಲಿಗೆ ಕಳಿಸ್ತೀರಿ?”

“ದಿನಾ ಸಂಜೆ ಆಫೀಸಿಗೆ.”

ಅವನು ಯಾವುದೋ ಪತ್ರಿಕೆಯ ಆಫೀಸು ಎಂದುಕೊಂಡ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಮರುದಿನ ಅವನು ಒಂದು ಕಂತೆ ಹಾಳೆ ತಂದು, “ಸಾರ್, ಡೈಲಾಗ್ ಸ್ವಲ್ಪ ನೋಡಿ, ಈ ಕಡೆ ಜನ ಹೀಗೆ ಮಾತಾಡ್ತಾರಾ?” ಎಂದಾಗ ವಿಷಯ ಅರ್ಥವಾಯಿತು. ಬಾಯಿ ಬಿಟ್ಟು ‘ನಾನು ಆ ರೈಟರ್ ಅಲ್ಲ’ ಎನ್ನಬೇಕಿತ್ತು. ಅನ್ನಲಿಲ್ಲ. ನಾಲ್ಕು ಸಲ ನೋಡಿದ ಸಿನಿಮಾದ ಎರಡನೇ ಭಾಗಕ್ಕೆ ಡೈಲಾಗ್ ತಿದ್ದು ಎಂದರೆ ಯಾವ ಅಭಿಮಾನಿ ಬೇಡ ಎಂದಾನು? ಆ ರಾತ್ರಿ ಕೂತು ‘ಇದೆ’ ಇದ್ದ ಕಡೆಯೆಲ್ಲ ‘ಐತೆ’ ಎಂದು ಬರೆದು ಕೊಟ್ಟೆ. ಅವನು ಬಹಳ ಮೆಚ್ಚಿಕೊಂಡ.

ಹೆಣಗಳ ಪಾತ್ರಕ್ಕೆ ತೋಟದ ಆಳುಗಳು ಸಾಲಾಗಿ ವಾಸಿಸುವ ನಮ್ಮ ಲೈನ್ ಮನೆಗಳಿಂದ ಹನ್ನೆರಡು ಜನರನ್ನು ನಾನೇ ಆರಿಸಿದೆ. ಅವರಲ್ಲಿ ಜವರಯ್ಯ ಒಬ್ಬ. ವಯಸ್ಸು ನಲವತ್ತೈದರ ಆಸುಪಾಸು, ಮಾತು ಕಡಿಮೆ. ಅವನ ಕೆಲಸ ಮರಗಸಿ, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಸವರುವುದು. ಮೂವತ್ತು ಅಡಿ ಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಬೀಸುವವನು. ಡೈರೆಕ್ಟರ್ ಹೆಸರು ಕೇಳಿ, “ಜವರಾಯ ಅಂದ್ರೆ ಯಮ ಅಲ್ವಾ ಸಾರ್? ಹೆಣಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?” ಎಂದು ಖುಷಿಪಟ್ಟ. ಜವರಯ್ಯ ನಕ್ಕು, “ಇಟ್ಟೋರು ನಮ್ಮಜ್ಜಿ ಕಣ್ರಣ್ಣ, ನಂಗೇನ್ ಗೊತ್ತು” ಎಂದ.

ಮೊದಲ ದಿನವೇ ಎರಡು ತೊಂದರೆ ಬಂದವು. ಅವರು ತಂದಿದ್ದ ರಕ್ತ ಸಕ್ಕರೆ ಪಾಕದಲ್ಲಿ ಮಾಡಿದ್ದು. ಹಚ್ಚಿ ಹತ್ತು ನಿಮಿಷವಾಗಿರಲಿಲ್ಲ, ಮರದ ಮೇಲೆ ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳು ಸಾಲು ಹಿಡಿದು ಇಳಿದವು. ನಿಧಾನವಾಗಿ ನಡೆಯಬೇಕಾದ ಹೆಣಗಳು ಪಂಚೆ ಎತ್ತಿಕೊಂಡು ಹಳ್ಳದ ಕಡೆ ಓಡಿದವು. ಆಗ ಜವರಯ್ಯನ ಹೆಂಡತಿ ಸಾಕಮ್ಮ ಉಪಾಯ ಹೇಳಿದಳು. ತಂಡಕ್ಕೆ ಅಡುಗೆ ಮಾಡುತ್ತಿದ್ದವಳು ಅವಳೇ.

“ಆರತಿಗೆ ಓಕುಳಿ ಮಾಡಲ್ವಾ ರೈಟ್ರೇ? ಅರಿಶಿಣದ ನೀರಿಗೆ ಸುಣ್ಣ ಹಾಕಿದ್ರೆ ಆಯ್ತು. ಕೆಂಪಗೆ ಅಂಗೇ ಇರ್ತದೆ. ಇರುವೆ ಅದರ ಹತ್ರಕ್ಕೂ ಬರಕಿಲ್ಲ.”

ಒಂದು ದೊಡ್ಡ ಹಂಡೆಯಲ್ಲಿ ಓಕುಳಿ ಕಲಸಿದಳು. ಕ್ಯಾಮರಾದಲ್ಲಿ ನೋಡಿದರೆ ಅಸಲಿ ರಕ್ತಕ್ಕಿಂತ ಅದೇ ಚೆನ್ನಾಗಿ ಕಾಣುತ್ತಿತ್ತು. “ಹುಳಿ ಪದಾರ್ಥ ಮಾತ್ರ ಸೋಕಿಸ್ಬ್ಯಾಡಿ, ಮತ್ತೆ ಹಳದಿಯಾಗ್ಬುಡ್ತದೆ” ಎಂದು ಹೇಳಿದಳು. ಮುಖಕ್ಕೆ ಬಳಿಯಲು ರಾಗಿ ಹಿಟ್ಟಿನ ಗಂಜಿ. ಒಣಗಿ ಬಿರುಕು ಬಿಟ್ಟರೆ ಎಂಥವನ ಮುಖವೂ ಗೋರಿಯಿಂದ ಎದ್ದು ಬಂದ ಹಾಗಾಗುತ್ತಿತ್ತು.

ಎರಡನೆಯ ತೊಂದರೆ ‘ಕಟ್’ ಎಂಬ ಮಾತಿನದು. ಡೈರೆಕ್ಟರ್ “ಕಟ್” ಎಂದು ಕೂಗಿದ. ಹನ್ನೆರಡೂ ಜನ ನಿಂತು ಸೊಂಟದ ಪಂಚೆಯನ್ನು ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡರು. ಒಬ್ಬನಂತೂ ತಲೆಗೆ ಟವೆಲ್ಲನ್ನೂ ಕಟ್ಟಿದ. ಮತ್ತೆ ತೆಗೆದರು, ಮತ್ತೆ “ಕಟ್” ಎಂದ, ಮತ್ತೆ ಪಂಚೆ ಕಟ್ಟಿದರು. “ಎಷ್ಟ್ ಸಲ ಕಟ್ಟದು ರೈಟ್ರೇ, ಬಿಚ್ಚೋಗಿರೋದು ಯಾರ್ದು ಅಂತ ಹೇಳ್ಬಾರ್ದಾ?” ಎಂದು ಒಬ್ಬ ಕೇಳಿದ. ನಾನು ವಿವರಿಸಿ ಹೇಳಿದರೂ ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು.

ಆಗ ನಾನೊಂದು ಸಲಹೆ ಕೊಟ್ಟೆ. ತೋಟದಲ್ಲಿ ಕೆಲಸ ಬಿಡುವ ಹೊತ್ತಿಗೆ ಗಂಟೆ ಹೊಡೆಯುತ್ತೇವೆ. ಮರಕ್ಕೆ ನೇತುಹಾಕಿದ ಒಂದು ರೈಲು ಕಂಬಿಯ ತುಂಡು, ಬಡಿಯಲು ಒಂದು ಕಬ್ಬಿಣದ ಸರಳು. ಗಂಟೆ ಬೀಳುವವರೆಗೆ ಯಾರೂ ಕೆಲಸ ಬಿಡುವ ಹಾಗಿಲ್ಲ, ಬಿದ್ದ ಮೇಲೆ ಯಾರೂ ಒಂದು ಕಡ್ಡಿಯನ್ನೂ ಎತ್ತುವುದಿಲ್ಲ. ಅದು ಅವರ ಮೈಗೇ ಗೊತ್ತು. ಆ ಕಂಬಿಯನ್ನು ತರಿಸಿ ಪಲ್ಪಿಂಗ್ ಮನೆಯ ಪಕ್ಕದ ಹಲಸಿನ ಮರಕ್ಕೆ ಕಟ್ಟಿಸಿದೆ. ಡೈರೆಕ್ಟರ್ ಕೈ ಎತ್ತಿದರೆ ನಾನು ಗಂಟೆ ಹೊಡೆಯುವುದು, ಆಗ ಎಲ್ಲರೂ ನಿಲ್ಲಿಸುವುದು. ಕ್ಯಾಮರಾದವನು ಕೂಡ ಎರಡೇ ದಿನದಲ್ಲಿ ಗಂಟೆಗೆ ಒಗ್ಗಿಹೋದ. ಆಳುಗಳಿಗೆ ನಾನು ಮತ್ತೆ ಮತ್ತೆ ಹೇಳಿದ್ದು ಒಂದೇ. “ನೀವು ಹೆಣ. ಹೆಣಕ್ಕೆ ನೋವಿಲ್ಲ. ಇರುವೆ ಕಚ್ಚಲಿ, ಮುಳ್ಳು ಚುಚ್ಚಲಿ, ಬಿದ್ಮೇಲೆ ಗಂಟೆ ಆಗೋತನಕ ಕಣ್ಣು ಬಿಡಬಾರದು, ಮಾತಾಡಬಾರದು.” ನಾಲ್ಕು ಸಲ ಸಿನಿಮಾ ನೋಡಿದವನ ಗತ್ತಿನಲ್ಲಿ ಹೇಳಿದ್ದೆ.

ಐದನೆಯ ದಿನ ಮುಖ್ಯ ದೃಶ್ಯ. ಪಲ್ಪಿಂಗ್ ಮನೆಯ ಮಾಡಿನ ಮೇಲೆ ಒಂದು ಹೆಣ ನಡೆಯಬೇಕು, ಕೆಳಗಿನಿಂದ ಹೀರೋ ದೊಣ್ಣೆ ಎಸೆಯಬೇಕು, ಅದು ಕೆಳಗೆ ಬೀಳಬೇಕು. ಬೀಳಲು ಪಳಗಿದವರನ್ನು ಬೆಂಗಳೂರಿನಿಂದ ಕರೆಸುವ ಶಕ್ತಿ ಅವರಿಗಿರಲಿಲ್ಲ. ನಾನೇ ಜವರಯ್ಯನ ಹೆಸರು ಹೇಳಿದೆ. ಮಾಡು ಹೆಚ್ಚೆಂದರೆ ಒಂಬತ್ತು ಅಡಿ. ಕೆಳಗೆ ಒಣಗಿದ ಕಾಫಿ ಸಿಪ್ಪೆಯನ್ನು ಆಳೆತ್ತರ ರಾಶಿ ಹಾಕಿಸಿದ್ದೆ.

ಜವರಯ್ಯ ಒಂದು ಕ್ಷಣ ರಾಶಿಯನ್ನೂ ಮಾಡನ್ನೂ ನೋಡಿದ. “ಮರದಿಂದ ಬೀಳ್ದೆ ಇರೋದೇ ನನ್ ಕೆಲ್ಸ. ನೀವು ಬೀಳು ಅಂತಿದೀರಲ್ಲ ರೈಟ್ರೇ.”

“ಒಂದೇ ಸಲ ಬೀಳು ಮಾರಾಯ. ಸಿನಿಮಾ ಇರೋತನಕ ನೀನು ಬಿದ್ದಿದ್ದು ಇರ್ತದೆ” ಎಂದೆ.

ಅವನು ಏಣಿ ಹತ್ತಿದ.

ಬೆಳಿಗ್ಗೆ ಹನ್ನೊಂದರ ಬಿಸಿಲು. ನಾನು ಹಲಸಿನ ಮರದ ಕೆಳಗೆ ಸರಳು ಹಿಡಿದು ನಿಂತಿದ್ದೆ. ಜವರಯ್ಯ ಮೈತುಂಬ ಓಕುಳಿ, ಮುಖಕ್ಕೆ ರಾಗಿ ಗಂಜಿ ಬಳಿದುಕೊಂಡು ತಗಡಿನ ಮೇಲೆ ಹೆಜ್ಜೆ ಹಾಕಿದ. ಮರದ ಮೇಲೆ ಓಡಾಡಿದವನಾದ್ದರಿಂದ ಅವನ ನಡಿಗೆಯಲ್ಲಿ ಸ್ವಲ್ಪವೂ ಅವಸರವಿರಲಿಲ್ಲ. ದೊಣ್ಣೆ ಬಂದು ಭುಜಕ್ಕೆ ತಾಗಿತು. ಅವನು ಕೈಯನ್ನೂ ಚಾಚದೆ, ಮುಖವನ್ನೂ ಕಿವುಚದೆ, ಹಾಗೇ ಪಕ್ಕಕ್ಕೆ ವಾಲಿ ಬಿದ್ದ. ರಾಶಿಯ ಮೇಲೆ ಬಿದ್ದು, ಒಂದು ಸುತ್ತು ಉರುಳಿ, ನೆಲಕ್ಕೆ ಬಂದು ಎಡಮಗ್ಗುಲಾಗಿ ಸುಮ್ಮನೆ ಮಲಗಿದ.

ಇಲ್ಲಿಂದ ಮುಂದಿನದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಡೈರೆಕ್ಟರ್ ಕೈ ಎತ್ತಿದ. ನಾನು ಅದನ್ನು ನೋಡಿದೆ. ನೋಡಿಲ್ಲ ಎಂದು ಬಹಳ ಜನರ ಹತ್ತಿರ ಹೇಳಿದ್ದೇನೆ, ಅದು ಸುಳ್ಳು. ನೋಡಿಯೂ ಗಂಟೆ ಹೊಡೆಯಲಿಲ್ಲ. ಸರಳು ಕೈಯಲ್ಲೇ ಇತ್ತು. ಜವರಯ್ಯ ಬಿದ್ದ ರೀತಿ ಅಷ್ಟು ಚೆನ್ನಾಗಿತ್ತು. ಆ ಕಂಡಕ್ಟರ್ ಬಿದ್ದದ್ದಕ್ಕಿಂತ ಚೆನ್ನಾಗಿತ್ತು. ಅವನು ಮಲಗಿದ್ದನ್ನು ನೋಡುತ್ತ, ಇದು ಇನ್ನೂ ಒಂದಿಷ್ಟು ಹೊತ್ತು ಹೀಗೇ ಇರಲಿ ಎಂದು ನಿಂತುಬಿಟ್ಟೆ. ಒಂದು ನಿಮಿಷವೋ, ಎರಡೋ. ಗಂಟೆ ಬೀಳದ್ದರಿಂದ ಕ್ಯಾಮರಾದವನು ನಿಲ್ಲಿಸಲಿಲ್ಲ. ಡೈರೆಕ್ಟರ್ ನನ್ನ ಕಡೆ ಒಮ್ಮೆ ನೋಡಿ ಕೈ ಇಳಿಸಿದ. ಅವನು ಆಮೇಲೆ ಹೇಳಿದ: “ನೀವು ಬೇಕಂತಲೇ ಹೊಡೀಲಿಲ್ಲ ಅಂದ್ಕೊಂಡೆ ಸಾರ್. ರೈಟರ್ ಅಲ್ವಾ, ತಲೇಲಿ ಏನೋ ಯೋಚನೆ ಇರಬೇಕು ಅಂತ.”

ಆ ಹೊತ್ತಿಗೆ ಸಾಕಮ್ಮ ಎಲ್ಲರಿಗೂ ಮಜ್ಜಿಗೆ ತುಂಬಿದ ಬಿಂದಿಗೆ ತೆಗೆದುಕೊಂಡು ಬಂದಳು. ಅವಳು ದಿನವೂ ಬರುವ ಹೊತ್ತು ಅದೇ. ಕ್ಯಾಮರಾ ಓಡುತ್ತಿರುವುದು ಅವಳಿಗೆ ಗೊತ್ತಾಗಲಿಲ್ಲ. ಎಲ್ಲರೂ ಸುಮ್ಮನೆ ನಿಂತದ್ದನ್ನು ಕಂಡು ಕೆಲಸ ಮುಗಿದಿದೆ ಎಂದುಕೊಂಡು ನೇರ ಗಂಡನ ಹತ್ತಿರ ಹೋದಳು.

“ಏಳು, ಮಜ್ಜಿಗೆ ಕುಡಿ” ಎಂದಳು. ಅವನು ಏಳಲಿಲ್ಲ. “ಏಳು ಮಾರಾಯ, ಸಾಕು ನಿನ್ನ ಸತ್ತಿದ್ದು” ಎಂದು ಕಾಲಿನಿಂದ ಮೆಲ್ಲಗೆ ತಟ್ಟಿದಳು. ಆಗಲೂ ಏಳದಿದ್ದಾಗ, ತಮಾಷೆಗೆ ಬಿಂದಿಗೆ ಬಗ್ಗಿಸಿ ಅವನ ಮೇಲೆ ಮಜ್ಜಿಗೆ ಸುರಿದಳು.

ಹಿಂದಿನ ದಿನದ ಮಜ್ಜಿಗೆ, ಚೆನ್ನಾಗಿ ಹುಳಿ ಬಂದಿತ್ತು. ಅವನ ಕತ್ತು, ಎದೆ, ಹೊಟ್ಟೆ, ಮಜ್ಜಿಗೆ ಬಿದ್ದ ಕಡೆಯೆಲ್ಲ ಕೆಂಪು ಹೋಗಿ ಹಳದಿಯಾಯಿತು. ನಾವು ನಾಲ್ಕೈದು ಜನ ನಕ್ಕೆವು. ಸಾಕಮ್ಮನೂ ನಗುತ್ತಿದ್ದವಳು ನಿಲ್ಲಿಸಿದಳು. ಅವನ ಎಡತೋಳಿನ ಹತ್ತಿರ ಮಾತ್ರ ಹಳದಿಯಾಗಿರಲಿಲ್ಲ. ಇನ್ನೊಂದಿಷ್ಟು ಸುರಿದಳು. ಮಜ್ಜಿಗೆ ಹರಿದುಹೋಯಿತು, ಕೆಂಪು ಮತ್ತೆ ಬಂತು. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ಗಟ್ಟಿಯಾಗಿಯೂ ಅಲ್ಲ, ಹೇಳಿದಳು.

“ರೈಟ್ರೇ, ಇದು ಓಕುಳಿ ಅಲ್ಲ.”

ಓಡಿಹೋಗಿ ತೋಳು ಎತ್ತಿ ನೋಡಿದೆವು. ಮೊಣಕೈಗಿಂತ ಮೇಲೆ, ಒಳಭಾಗದಲ್ಲಿ, ಒಂದು ಗೇಣು ಸೀಳಿತ್ತು. ಸಿಪ್ಪೆಯ ರಾಶಿಯ ಅಂಚಿನಲ್ಲಿ, ಅಡಿಯಲ್ಲಿ, ಮಾಡಿನಿಂದ ಯಾವಾಗಲೋ ಬಿದ್ದಿದ್ದ ತಗಡಿನ ತುಂಡೊಂದಿತ್ತು. ರಾಶಿ ಹಾಕಿ ಎಂದವನು ನಾನು, ಅಡಿಯಲ್ಲಿ ಏನಿದೆ ಎಂದು ನೋಡದವನೂ ನಾನು. ಜವರಯ್ಯ ಕಣ್ಣು ಬಿಟ್ಟ. ತುಟಿ ಬೆಳ್ಳಗಾಗಿತ್ತು.

“ಯಾಕ್ ಹೇಳ್ಲಿಲ್ವೋ?” ಎಂದೆ.

“ಗಂಟೆ ಬೀಳ್ಲಿಲ್ವಲ್ಲ ರೈಟ್ರೇ” ಎಂದ. ದೂರಿನ ಮಾತೇ ಅಲ್ಲ ಅದು. ಕೆಲಸದ ಮಾತು ಹೇಳಿದ ಹಾಗೆ ಹೇಳಿ ಮತ್ತೆ ಕಣ್ಣು ಮುಚ್ಚಿದ.

ತಂಡದವರು ಬಾಡಿಗೆಗೆ ಹಿಡಿದಿದ್ದ ಜೀಪು ಸಕಲೇಶಪುರದ ಯೂಸುಫ್ ಸಾಬರದ್ದು. ಅರವತ್ತರ ಹತ್ತಿರದ ಮನುಷ್ಯ, ಜೀಪನ್ನು ತಾವೇ ಓಡಿಸುತ್ತಿದ್ದರು. ಅವರು ಏನನ್ನೂ ಕೇಳದೆ ತಮ್ಮ ಹೆಗಲ ಮೇಲಿದ್ದ ಮಡಿಸಿದ ಟವೆಲನ್ನು ಗಾಯಕ್ಕೆ ಒತ್ತಿ, ನನ್ನ ಕೈಯನ್ನು ಅದರ ಮೇಲೆ ಇಟ್ಟರು. “ಸಕಲೇಶಪುರ ಬರೋತನಕ ಈ ಕೈ ತೆಗೀಬೇಡಿ. ಏನೇ ಆಗ್ಲಿ ತೆಗೀಬೇಡಿ” ಎಂದರು. ಹಿಂದಿನ ಸೀಟಿನಲ್ಲಿ ಜವರಯ್ಯ, ಅವನ ತಲೆ ಸಾಕಮ್ಮನ ತೊಡೆಯ ಮೇಲೆ, ಪಕ್ಕದಲ್ಲಿ ನಾನು. ಹಿಡಿದುಕೊಳ್ಳಲು ಬೇಕೆಂದು ಇನ್ನು ನಾಲ್ಕು ಹೆಣಗಳು ಹತ್ತಿಕೊಂಡವು. ಮುಖ ತೊಳೆಯಲು ಯಾರಿಗೂ ನೆನಪಾಗಲಿಲ್ಲ.

ಆ ರಸ್ತೆ ಈಗಿನ ಹಾಗಿರಲಿಲ್ಲ. ಗಂಟೆಗೂ ಮೀರಿದ ದಾರಿ, ಒಂದೊಂದು ಗುಂಡಿಗೂ ಜವರಯ್ಯ ಹಲ್ಲು ಕಚ್ಚುತ್ತಿದ್ದ. ಟವೆಲ್ಲು ನೆಂದು ನನ್ನ ಮೊಣಕೈಯವರೆಗೆ ಬಿಸಿಯಾಗಿ ಇಳಿಯುತ್ತಿತ್ತು. ಸಾಕಮ್ಮ ಅಳಲಿಲ್ಲ. ಅವನ ಕೆನ್ನೆ ತಟ್ಟುತ್ತ ಸುಮ್ಮಸುಮ್ಮನೆ ಪ್ರಶ್ನೆ ಕೇಳುತ್ತಿದ್ದಳು. “ಕೊಟ್ಟಿಗೆ ಬಾಗ್ಲು ಹಾಕಿದ್ಯಾ? ಕತ್ತಿ ಎಲ್ಲಿಟ್ಟೆ? ಹೇಳು, ನಿದ್ದೆ ಮಾಡ್ಬ್ಯಾಡ.” ಅವನು “ಹೂಂ, ಸೂರಲ್ಲೈತೆ” ಎನ್ನುತ್ತಿದ್ದ. ಒಂದೆರಡು ಸಲ ಅವನು ಉತ್ತರ ಕೊಡದಿದ್ದಾಗ ಸಾಕಮ್ಮ ಇನ್ನೂ ಜೋರಾಗಿ ತಟ್ಟಿದಳು. ಇವನು ಸತ್ತರೆ ಕೊಂದವನು ನಾನೇ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಆ ಕಿರಿದಾದ ದಾರಿಯಲ್ಲಿ ಬಸ್ಸಿನವರು ಜೀಪಿಗೆ ಹಿಂದೆ ಸರಿದ ಉದಾಹರಣೆಯೇ ಇಲ್ಲ. ಅಂದು ಡ್ರೈವರ್ ನಮ್ಮ ಮುಖಗಳನ್ನು ಒಮ್ಮೆ ನೋಡಿ, ಒಂದೂ ಮಾತಾಡದೆ ನೂರು ಅಡಿ ಹಿಂದಕ್ಕೆ ತೆಗೆದುಕೊಂಡು ಹೋದ. ಯೂಸುಫ್ ಸಾಬರು, “ಇವತ್ತು ನಿಮ್ಮ ವೇಷ ಒಂದು ಉಪಕಾರ ಮಾಡ್ತು” ಎಂದರು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ನಮ್ಮನ್ನು ನೋಡಿ ಗೋಡೆ ಹಿಡಿದುಕೊಂಡರು. ನಾಲ್ಕು ಜನರ ಮುಖ ಬಿರುಕು ಬಿಟ್ಟು ಮೈಯೆಲ್ಲ ಕೆಂಪು, ನಡುವೆ ಒಬ್ಬ ಪೂರಾ ಹಳದಿ. “ಇಷ್ಟೂ ಜನಕ್ಕೆ ಏನಾಯ್ತು?” ಎಂದು ಕೇಳಿದರು.

“ನಮಗೇನೂ ಆಗಿಲ್ಲ ಕಣ್ರಮ್ಮ, ಇವನೊಬ್ಬನಿಗೆ” ಎಂದು ಒಂದು ಹೆಣ ಜವರಯ್ಯನನ್ನು ತೋರಿಸಿತು.

“ಇವರಿಗೆ ಕಾಮಾಲೆನಾ?”

ಸಾಕಮ್ಮ ಅವನ ತೋಳಿನ ಮೇಲಿದ್ದ ನನ್ನ ಕೈಯನ್ನು ತೋರಿಸಿ, “ಇಲ್ಲಿ” ಎಂದಳು. ನನ್ನ ಬೆರಳುಗಳು ಮರಗಟ್ಟಿ ತಾನಾಗಿ ಬಿಡುತ್ತಿರಲಿಲ್ಲ, ಡಾಕ್ಟರು ಒಂದೊಂದಾಗಿ ಬಿಡಿಸಬೇಕಾಯಿತು.

ರಕ್ತ ನಿಲ್ಲಿಸಿ, ಹಾಸನದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮರುದಿನ ಆಪರೇಷನ್ ಆಯಿತು. ಸಕಲೇಶಪುರದ ಡಾಕ್ಟರು ಹೊರಡುವ ಮುಂಚೆ ನನಗೆ ಹೇಳಿದ್ದು ಇಷ್ಟು: “ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟಿದ್ರೆ ಇಲ್ಲಿತನಕ ತರೋ ಕೆಲಸ ಇರ್ತಿರಲಿಲ್ಲ.” ಯಾರು ಬಿಟ್ಟದ್ದು ಎಂದು ಅವರಿಗೆ ಗೊತ್ತಿರಲಿಲ್ಲ.

ಜವರಯ್ಯ ಉಳಿದ. ಎಡಗೈಯ ಕೊನೆಯ ಎರಡು ಬೆರಳು ಮಾತ್ರ ಮತ್ತೆ ಸರಿಯಾಗಿ ಮಡಚಲಿಲ್ಲ. ಲೋಟ ಹಿಡಿಯಬಹುದು, ಕೊಂಬೆ ಹಿಡಿಯುವಂತಿಲ್ಲ. ಅಲ್ಲಿಗೆ ಮರಗಸಿ ಮುಗಿಯಿತು. ತೋಟದವರು ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಕೊಟ್ಟರು. ಕೆಲಸವೇನೋ ಹಗುರದ್ದೇ. ಆದರೆ ಮೊದಲ ವರ್ಷ ಮರಗಸಿಯ ಕಾಲದಲ್ಲಿ ಅವನು ಕಣದಲ್ಲಿ ನಿಂತು ಮರದ ಮೇಲಿದ್ದವರನ್ನು ನೋಡುತ್ತಿದ್ದುದನ್ನು ಕಂಡರೆ ನಾನು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ.

ಡೈರೆಕ್ಟರ್ ಹಾಸನದ ಆಸ್ಪತ್ರೆಯಲ್ಲಿ ಮೂರು ದಿನ ನಮ್ಮ ಜೊತೆಗೇ ಇದ್ದ. ಅಲ್ಲೇ ಬೆಂಚಿನ ಮೇಲೆ ಕೂತು ಅವನಿಗೆ ಹೇಳಿದೆ, ನಾನು ಕಥೆ ಬರೆಯುವ ರೈಟರ್ ಅಲ್ಲ, ಹಾಜರಿ ಬರೆಯುವ ರೈಟರ್ ಎಂದು. ಅವನು, “ನನಗೂ ಇದು ಎರಡನೇ ಸಿನಿಮಾ ಅಷ್ಟೇ ಸಾರ್. ಕೈ ಇಳಿಸಬಾರದಿತ್ತು” ಎಂದ. ಜವರಯ್ಯನಿಗೆ ಹೇಳಲು ನನಗೆ ಇನ್ನೂ ಹದಿನೈದು ದಿನ ಬೇಕಾಯಿತು. ಅವನ ಲೈನ್ ಮನೆಯ ಮುಂದೆ ಕೂತು ಹೇಳಿದೆ: “ಕೈ ಎತ್ತಿದ್ದು ನನಗೆ ಕಾಣಿಸಿತ್ತು. ನೀನು ಅಷ್ಟು ಚೆನ್ನಾಗಿ ಬಿದ್ದಿದ್ದೆ, ನೋಡ್ತಾ ನಿಂತುಬಿಟ್ಟೆ.”

ಅವನು ಬ್ಯಾಂಡೇಜಿನ ಕೈಯನ್ನು ನೋಡಿಕೊಂಡ. “ಅಷ್ಟ್ ಚೆನ್ನಾಗ್ ಬಿದ್ನಾ?” ಎಂದು ಕೇಳಿದ. ನನಗೆ ಅಳು ಬಂತು. ಅತ್ತೆ.

ಮಿಕ್ಕ ಭಾಗವನ್ನು ಅವರು ಬೇರೆಲ್ಲೋ ತೆಗೆದು ಮುಗಿಸಿದರು. ಕೆಲವು ತಿಂಗಳ ನಂತರ ಡೈರೆಕ್ಟರಿಂದ ಜವರಯ್ಯನಿಗೆ ಒಂದು ಪತ್ರ ಬಂತು, ನಾನೇ ಓದಿ ಹೇಳಿದೆ. ಬಿದ್ದದ್ದು, ಆಮೇಲೆ ಸಾಕಮ್ಮ ಬಂದದ್ದು, ಎಲ್ಲ ಕ್ಯಾಮರಾದಲ್ಲಿ ಉಳಿದಿದೆ. ನೀವಿಬ್ಬರೂ ಬೇಡ ಎಂದರೆ ಸುಟ್ಟುಹಾಕುತ್ತೇನೆ, ಒಪ್ಪಿದರೆ ಮಾತ್ರ ಇಡುತ್ತೇನೆ ಎಂದು ಬರೆದಿದ್ದ. ಜವರಯ್ಯ, “ಇರ್ಲಿ ಅಂತ ಬರೀರಿ. ಅಷ್ಟು ಪಾಡು ಪಟ್ಟಿರೋದು ಸುಮ್ನೆ ಹೋಗದ್ ಬ್ಯಾಡ” ಎಂದ. ಸಾಕಮ್ಮ ಒಲೆಯ ಹತ್ತಿರದಿಂದಲೇ, “ಇಟ್ಕೊಳ್ಳಿ, ನೋಡಕ್ಕೆ ಮಾತ್ರ ನನ್ನ ಕರೀಬ್ಯಾಡಿ. ನಾನು ಒಂದ್ ಸಲ ನೋಡಿದೀನಿ, ಸಾಕು” ಎಂದಳು.

ಮುಂದಿನ ವರ್ಷ ಸಿನಿಮಾ ಸಕಲೇಶಪುರಕ್ಕೆ ಬಂತು. ನನಗೆ ಹೋಗುವ ಮನಸ್ಸಿರಲಿಲ್ಲ. ಜವರಯ್ಯ ಬಿಡಲಿಲ್ಲ. ಒಂದು ಭಾನುವಾರ ಮ್ಯಾಟಿನಿಗೆ ಇಬ್ಬರೇ ಹೋದೆವು.

ಅಭಿಮಾನಿಯಾಗಿ ಹೇಳುವುದಾದರೆ, ಎರಡನೇ ಭಾಗ ಮೊದಲನೆಯದರ ಹತ್ತಿರಕ್ಕೂ ಬರುವುದಿಲ್ಲ. ಕಂಡಕ್ಟರ್ ಇಲ್ಲವೇ ಇಲ್ಲ. ಮಿಕ್ಕ ಭಾಗದಲ್ಲಿ ಹೆಣಗಳು ಓಡುತ್ತವೆ, ಹೆಣ ಓಡಬಾರದು, ಅದು ಮೊದಲ ಭಾಗವನ್ನು ಅರ್ಥ ಮಾಡಿಕೊಂಡ ಎಲ್ಲರಿಗೂ ಗೊತ್ತು. ಹೀರೋನ ಅಂಗಿ ಬಾಗಿಲಿನ ಆಚೆ ನೀಲಿ, ಈಚೆ ಬಿಳಿ. ನಮ್ಮ ಹನ್ನೆರಡು ಜನರೇ ಮೂರು ಸಲ ಸಾಯುತ್ತಾರೆ. ನಾನು ತಿದ್ದಿದ ಡೈಲಾಗ್ ಬಂದಾಗ ಮುಂದಿನ ಬೆಂಚಿನವರು ಶಿಳ್ಳೆ ಹಾಕಿದರು, ಮೆಚ್ಚಿ ಅಲ್ಲ. ಜನ ಮೊದಲಿಂದಲೂ ನಗುತ್ತಲೇ ಇದ್ದರು.

ಆಮೇಲೆ ಪಲ್ಪಿಂಗ್ ಮನೆಯ ಮಾಡು ಬಂತು. ಜವರಯ್ಯ ನಡೆದ, ಬಿದ್ದ, ಉರುಳಿ ಮಲಗಿದ. ಜನ ನಕ್ಕರು. ಪರದೆಯ ಮೇಲೆ ಅವನು ಮಲಗೇ ಇದ್ದ, ಬಹಳ ಹೊತ್ತು. ನಾನು ಗಂಟೆ ಹೊಡೆಯದೆ ನಿಂತ ಹೊತ್ತು ಎಷ್ಟೆಂದು ಅಂದು ಮೊದಲ ಸಲ ಗೊತ್ತಾಯಿತು. ಸಾಕಮ್ಮ ಬಿಂದಿಗೆ ಹಿಡಿದು ಬಂದಳು, ಏಳು ಎಂದಳು, ಮಜ್ಜಿಗೆ ಸುರಿದಳು. ಆಗಲೂ ನಕ್ಕರು. ಕ್ಯಾಮರಾದವನು ಅವಳ ಮುಖವನ್ನು ಹತ್ತಿರದಿಂದ ಹಿಡಿದಿದ್ದ. ಅವಳು ನಗುವುದು ನಿಂತಿತು. ಅವಳು ಅವನನ್ನು ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ. ಇಡೀ ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅವಳು ನನ್ನ ಕಡೆ ತಿರುಗುವುದರೊಳಗೆ ಡೈರೆಕ್ಟರ್ ಅಲ್ಲಿಗೆ ಕತ್ತರಿಸಿದ್ದ.

ಜವರಯ್ಯ ನನ್ನ ಮೊಣಕೈ ಹಿಡಿದುಕೊಂಡ. ಬಿದ್ದ ದಿನ ಅವನು ಕಣ್ಣು ಮುಚ್ಚಿ ಮಲಗಿದ್ದನಲ್ಲ, ಅವನು ಇದನ್ನು ಕಂಡೇ ಇರಲಿಲ್ಲ.

“ಇವಳು ನನ್ನ ಹಿಂಗ್ ನೋಡಿದ್ಲಾ?” ಎಂದ.

“ಹೂಂ” ಎಂದೆ.

ಸಿನಿಮಾ ಮುಗಿದು ಹೊರಗೆ ಬಂದೆವು. ಟೀ ಕುಡಿದೆವು. ಬಸ್ಸಿಗೆ ಹೊರಡೋಣ ಎಂದಾಗ, “ಇಪ್ಪತ್ ವರ್ಷ ಆಯ್ತು ರೈಟ್ರೇ ಮದ್ವೆಯಾಗಿ. ನಂಗ್ ಗೊತ್ತೇ ಇರ್ಲಿಲ್ಲ. ಇನ್ನೊಂದ್ ಸಲ ನೋಡಾನಾ?” ಎಂದ. ಸಂಜೆಯ ಫಸ್ಟ್ ಶೋಗೆ ಮತ್ತೆ ಒಳಗೆ ಹೋಗಿ ಕೂತೆವು.

ಎರಡನೆಯ ಸಲ ಆ ದೃಶ್ಯ ಬಂದಾಗ ನಾನು ಪರದೆಯ ಕಡೆ ನೋಡಲಿಲ್ಲ. ಪಕ್ಕದಲ್ಲಿದ್ದ ಜವರಯ್ಯನನ್ನೇ ನೋಡುತ್ತಿದ್ದೆ. ಬೆಳಕು ಅವನ ಮುಖದ ಮೇಲೆ ಬೀಳುತ್ತಿತ್ತು, ಮಡಚಲಾಗದ ಎರಡು ಬೆರಳಿನ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಅಂದು ತೋಟದಲ್ಲೂ ನಾನು ಹೀಗೇ ನೋಡಬೇಕಾಗಿತ್ತು, ಬಿದ್ದ ರೀತಿಯನ್ನಲ್ಲ, ಬಿದ್ದವನನ್ನು. ಆಮೇಲೆ ಎಷ್ಟೋ ಸಿನಿಮಾ ನೋಡಿದ್ದೇನೆ, ಹೆಣದ ಸಿನಿಮಾದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಆದರೆ ಪರದೆಯ ಮೇಲೆ ಯಾರಾದರೂ ಬಿದ್ದ ಕೂಡಲೇ, ಅವರು ಏಳುವವರೆಗೆ ನನ್ನ ಕೈಗಳು ಗಂಟೆಯ ಸರಳು ಹಿಡಿದ ಹಾಗೆ ಬಿಗಿಯಾಗುತ್ತವೆ.